ಡಾಕ್ಟರು ಯಾರ ಕಡೆ? ವೇಲ್ಸ್‌ನ ಕಲ್ಲಿದ್ದಲ ಕಣಿವೆಗಳಲ್ಲಿ ಆರೋಗ್ಯದ ಹೋರಾಟ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ದಕ್ಷಿಣ ವೇಲ್ಸ್‌ನ ಗಣಿ ಕಾರ್ಮಿಕನ ಸಂಬಳ ಅವನ ಕೈಸೇರುವ ಮೊದಲೇ ಅದರಲ್ಲೊಂದು ಪಾಲು ಡಾಕ್ಟರ ಬಾಬ್ತಿಗೆ ಹೋಗಿಬಿಡುತ್ತಿತ್ತು. ಬಟವಾಡೆಯ ದಿನ ಕಂಪನಿಯವರು ಆ ಮೊತ್ತವನ್ನು ಮುರಿದುಕೊಂಡು ಉಳಿದದ್ದನ್ನು ಎಣಿಸಿ ಕೊಡುತ್ತಿದ್ದರು. ದುಡ್ಡು ಕಾರ್ಮಿಕನದು, ಡಾಕ್ಟರನ್ನು ನೇಮಿಸುತ್ತಿದ್ದದ್ದು ಮಾತ್ರ ಬಹಳ ಕಡೆ ಕಂಪನಿಯೇ. ಕಾಲು ಮುರಿದವನು ಯಾವಾಗ ಕೆಲಸಕ್ಕೆ ಮರಳಬಹುದು, ಕೆಮ್ಮುವವನ ಕೆಮ್ಮು ಗಣಿಯಿಂದ ಬಂದದ್ದೋ ಮನೆಯಿಂದ ಬಂದದ್ದೋ, ಸತ್ತವನು ಯಾವುದರಿಂದ ಸತ್ತ ಎಂಬುದನ್ನೆಲ್ಲ ಬರೆದುಕೊಡುತ್ತಿದ್ದದ್ದು ಆ ಡಾಕ್ಟರ ಕೈ. ಆ ಕೈ ಯಾರಿಗೆ ಬದ್ಧವಾಗಿರಬೇಕು? ವೇಲ್ಸ್‌ನ ಕಣಿವೆಗಳ ಆರೋಗ್ಯ ಚರಿತ್ರೆಯುದ್ದಕ್ಕೂ ಜನ ಕೇಳಿಕೊಂಡು ಬಂದ ಪ್ರಶ್ನೆ ಇದೇ. ಆ ಜನ ಮೊದಲು ಡಾಕ್ಟರನ್ನು ತಮ್ಮವರನ್ನಾಗಿ ಮಾಡಿಕೊಂಡರು, ಆಮೇಲೆ ವಿಜ್ಞಾನವನ್ನು ತಮ್ಮ ಕಡೆಗೆ ಎಳೆದುಕೊಂಡರು. ಬ್ರಿಟನ್ನಿನ ಇಡೀ ವೈದ್ಯ ವ್ಯವಸ್ಥೆಯ ಬೇರು ಈ ಕಣಿವೆಗಳ ಕಪ್ಪು ಮಣ್ಣಿನಲ್ಲಿದೆ.

ಆ ಕಣಿವೆಗಳು ಬೆಳೆದ ವೇಗ ಭಯ ಹುಟ್ಟಿಸುವಂಥದ್ದು. 1851ರಲ್ಲಿ ರೊಂಡಾ ಕಣಿವೆಯಲ್ಲಿದ್ದವರು ಸಾವಿರದ ಆಸುಪಾಸು ಜನ, ಹೆಚ್ಚಿನವರು ಕುರಿ ಸಾಕುವವರು. 1911ರ ಹೊತ್ತಿಗೆ ಅಲ್ಲಿ ಒಂದೂವರೆ ಲಕ್ಷ ಮಂದಿ ಇದ್ದರು. ಬೆಟ್ಟದ ಇಳಿಜಾರಿಗೆ ಅಂಟಿದಂತೆ ಸಾಲುಮನೆಗಳು, ಒಂದೊಂದು ಮನೆಯಲ್ಲೂ ಬಾಡಿಗೆಗೆ ಸೇರಿಸಿಕೊಂಡ ಒಂಟಿ ಗಂಡಸರು, ಕೆಳಗೆ ಊರಿನ ಕೊಳಕನ್ನೆಲ್ಲ ಹೊತ್ತು ಹರಿಯುವ ಹೊಳೆ. 1913ರಲ್ಲಿ ದಕ್ಷಿಣ ವೇಲ್ಸ್‌ನ ಗಣಿಗಳಲ್ಲಿ 2,30,000ಕ್ಕೂ ಹೆಚ್ಚು ಮಂದಿ ದುಡಿದು ಸುಮಾರು 5.7 ಕೋಟಿ ಟನ್ ಕಲ್ಲಿದ್ದಲು ತೆಗೆದರು. ಬ್ಯಾರಿ ಮತ್ತು ಕಾರ್ಡಿಫ್ ಬಂದರುಗಳಿಂದ ಅದು ಪ್ರಪಂಚದ ಹಡಗುಗಳಿಗೆಲ್ಲ ಹೋಯಿತು. ಅದೇ ವರ್ಷ ಅಕ್ಟೋಬರ್ 14ರಂದು ಸೆಂಗೆನಿಡ್ ಎಂಬ ಊರಿನ ಗಣಿಯಲ್ಲಿ ಸ್ಫೋಟವಾಗಿ 439 ಕಾರ್ಮಿಕರೂ ರಕ್ಷಣೆಗೆ ಇಳಿದ ಒಬ್ಬನೂ ಸತ್ತರು. ಬ್ರಿಟನ್ನಿನ ಗಣಿ ದುರಂತಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಇಂಥ ಒಂದು ಕಣಿವೆಯಲ್ಲಿದೆ ಟ್ರೆಡೆಗರ್. ಕಬ್ಬಿಣದ ಕಾರ್ಖಾನೆಯ ಸುತ್ತ ಹುಟ್ಟಿ, ಕಲ್ಲಿದ್ದಲಿನಿಂದ ಬೆಳೆದ ಊರು. ಅಲ್ಲಿನ ಕಾರ್ಮಿಕರು ಕಾಯಿಲೆ ಕಸಾಲೆಗೆಂದು ನಡೆಸುತ್ತಿದ್ದ ನಿಧಿ 1890ರಲ್ಲಿ ವೈದ್ಯಕೀಯ ನೆರವಿನ ಸಂಘವಾಗಿ ರೂಪು ತಳೆಯಿತು. ಸಂಪಾದಿಸಿದ ಪ್ರತಿ ಪೌಂಡಿಗೆ ಇಷ್ಟು ಪೆನ್ನಿ ಎಂದು ವಂತಿಗೆ. ಮುಂದೆ ಅದು ಪೌಂಡಿಗೆ ಮೂರು ಪೆನ್ನಿಗೆ ನಿಂತಿತು, ಎಂದರೆ ಸಂಬಳದ ಎಂಬತ್ತರಲ್ಲಿ ಒಂದು ಭಾಗ. ಹೆಚ್ಚು ಸಂಪಾದಿಸಿದವನು ಹೆಚ್ಚು ಕೊಟ್ಟ, ಕಡಿಮೆ ಸಂಪಾದಿಸಿದವನು ಕಡಿಮೆ ಕೊಟ್ಟ. ಚಿಕಿತ್ಸೆ ಮಾತ್ರ ಎಲ್ಲರಿಗೂ ಒಂದೇ. ಕಾರ್ಮಿಕನ ಹೆಂಡತಿಗೂ ಮಕ್ಕಳಿಗೂ ಅದೇ. 1911ರಲ್ಲಿ ಲಂಡನ್ನಿನ ಸರ್ಕಾರ ತಂದ ರಾಷ್ಟ್ರೀಯ ವಿಮೆ ಕಾಯ್ದೆ ಡಾಕ್ಟರ ಸೇವೆ ಒದಗಿಸಿದ್ದು ದುಡಿಯುವವನಿಗೆ ಮಾತ್ರ. ಅವನ ಮನೆಯವರನ್ನು ಹೊರಗೇ ಬಿಟ್ಟಿತ್ತು. ಟ್ರೆಡೆಗರ್ ಅದಕ್ಕೂ ಮೊದಲೇ ಆ ಗೆರೆಯನ್ನು ದಾಟಿತ್ತು.

ಸಂಘದ ಆಡಳಿತ ಕಾರ್ಮಿಕರೇ ಆರಿಸಿದ ಸಮಿತಿಯದು. ಡಾಕ್ಟರಿಗೆ ಸಂಬಳ ಗೊತ್ತುಮಾಡುವುದು, ಔಷಧಿಯ ಲೆಕ್ಕ ನೋಡುವುದು, ದೂರು ಬಂದರೆ ಕೇಳುವುದು, ಎಲ್ಲವೂ ಆ ಸಮಿತಿಯ ಕೆಲಸ. ಹಳೆಯ ಪದ್ಧತಿಯಲ್ಲಿ ಡಾಕ್ಟರು ಕಾರ್ಮಿಕರಿಂದ ಮುರಿದುಕೊಂಡ ಮೊತ್ತವನ್ನು ಇಡಿಯಾಗಿ ಪಡೆದು, ಅದರಲ್ಲೇ ಸಹಾಯಕರ ಸಂಬಳವನ್ನೂ ಔಷಧಿಯ ಖರ್ಚನ್ನೂ ತೂಗಿಸುತ್ತಿದ್ದರು. ಔಷಧಿಯಲ್ಲಿ ಉಳಿಸಿದ್ದು ಅವರ ಜೇಬಿಗೆ. ಗೊತ್ತಾದ ಸಂಬಳ ಬಂದ ಮೇಲೆ ಆ ಆಸೆಗೆ ದಾರಿ ಇಲ್ಲವಾಯಿತು. ಬ್ರಿಟನ್ನಿನ ವೈದ್ಯರ ಸಂಘಕ್ಕೆ ಇದು ಒಪ್ಪಿಗೆಯಾಗಲಿಲ್ಲ. ಓದಿ ಪದವಿ ಪಡೆದವರು ಗಣಿ ಕೂಲಿಗಳ ಸಮಿತಿಯ ಮುಂದೆ ನಿಂತು ಉತ್ತರ ಹೇಳಬೇಕೇ ಎಂಬ ಅಸಮಾಧಾನ ಕಣಿವೆಗಳಲ್ಲಿ ವರ್ಷಗಟ್ಟಲೆ ಜಗಳವಾಗಿ ಹರಿಯಿತು. ಕಾರ್ಮಿಕರು ಜಗ್ಗಲಿಲ್ಲ. ಟ್ರೆಡೆಗರ್ ಸಂಘ ತನ್ನ ಉಚ್ಛ್ರಾಯದಲ್ಲಿ ಐವರು ಡಾಕ್ಟರು, ಒಬ್ಬ ಶಸ್ತ್ರವೈದ್ಯ, ಇಬ್ಬರು ಔಷಧಿ ತಯಾರಕರು, ಒಬ್ಬ ದಂತವೈದ್ಯ, ಒಬ್ಬ ಫಿಸಿಯೋಥೆರಪಿಸ್ಟ್ ಮತ್ತು ಮನೆಮನೆಗೆ ಹೋಗುವ ಒಬ್ಬ ನರ್ಸ್ ಇವರನ್ನಿಟ್ಟುಕೊಂಡು ಊರಿನ ನೂರರಲ್ಲಿ 95 ಮಂದಿಯ ಆರೋಗ್ಯ ನೋಡಿಕೊಳ್ಳುತ್ತಿತ್ತು. 1921ರಿಂದ 1924ರವರೆಗೆ ಆ ಡಾಕ್ಟರುಗಳಲ್ಲಿ ಒಬ್ಬರು ಎ.ಜೆ. ಕ್ರೋನಿನ್. ಅವರು 1937ರಲ್ಲಿ ಪ್ರಕಟಿಸಿದ ‘ದ ಸಿಟಡೆಲ್’ ಕಾದಂಬರಿ ಇಂಥ ಗಣಿ ಊರಿನ ವೈದ್ಯನ ಕಥೆಯನ್ನು ಲಕ್ಷಾಂತರ ಓದುಗರ ಮುಂದಿಟ್ಟಿತು.

ಅದೇ ಊರಿನ ಟೈ-ಟ್ರಿಸ್ಟ್ ಗಣಿಗೆ ಹದಿಮೂರರ ವಯಸ್ಸಿನಲ್ಲಿ ಇಳಿದ ಹುಡುಗ ಅನ್ಯೂರಿನ್ ಬೆವನ್. 1897ರಲ್ಲಿ ಹುಟ್ಟಿದವನು, ಗಣಿಗನ ಮಗ. ಮುಂದೆ ಕಾರ್ಮಿಕ ಸಂಘದ ನಾಯಕನಾಗಿ ಬೆಳೆದು, ಊರಿನ ಆಸ್ಪತ್ರೆಯ ಸಮಿತಿಯಲ್ಲಿ ಕೂತು, ವಂತಿಗೆಯ ದುಡ್ಡಿನಿಂದ ಒಂದು ಊರು ತನ್ನ ರೋಗಿಗಳನ್ನು ಹೇಗೆ ಸಲಹಬಹುದು ಎಂಬುದನ್ನು ಕಣ್ಣಾರೆ ಕಂಡರು. 1925ರಲ್ಲಿ ಅವರ ತಂದೆ ಡೇವಿಡ್ ಧೂಳು ತುಂಬಿದ ಶ್ವಾಸಕೋಶಗಳಿಂದ ಉಸಿರು ಸಿಗದೆ ಸತ್ತರು. ಒಂದು ಕಾಸು ಪರಿಹಾರ ಬರಲಿಲ್ಲ. ಕಾನೂನಿನ ಪಟ್ಟಿಯಲ್ಲಿ ಆ ರೋಗವೇ ಇರಲಿಲ್ಲ.

ಟ್ರೆಡೆಗರ್‌ನ ಸಂಘ ರೋಗಿಯನ್ನು ಚೆನ್ನಾಗಿ ನೋಡಿಕೊಳ್ಳಬಲ್ಲದಾಗಿತ್ತು. ಆದರೆ ಅವನ ರೋಗಕ್ಕೆ ಹೆಸರು ಕೊಡಿಸುವುದು ಅದರ ಕೈಯಲ್ಲಿರಲಿಲ್ಲ. ಅದಕ್ಕೆ ವಿಜ್ಞಾನ ಬೇಕಿತ್ತು. ವಿಜ್ಞಾನ ಆ ಹೊತ್ತಿಗೆ ಗಣಿಗೆ ಇಳಿದಿತ್ತು, ನಿಜ. 1896ರ ಜನವರಿಯಲ್ಲಿ ರೊಂಡಾದ ಟೈಲರ್ಸ್‌ಟೌನ್ ಗಣಿಯಲ್ಲಿ ಸ್ಫೋಟವಾಗಿ 57 ಮಂದಿ ಸತ್ತಾಗ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್ ಅಲ್ಲಿಗೆ ಬಂದು ಹೆಣಗಳನ್ನು ಪರೀಕ್ಷಿಸಿದರು. ಹೆಚ್ಚಿನವರು ಸತ್ತದ್ದು ಬೆಂಕಿಯಿಂದಲ್ಲ, ಸ್ಫೋಟದ ನಂತರ ಸುರಂಗದಲ್ಲಿ ಹರಡಿದ ಕಾರ್ಬನ್ ಮೊನಾಕ್ಸೈಡ್ ವಿಷಗಾಳಿಯಿಂದ ಎಂದು ತೋರಿಸಿಕೊಟ್ಟರು. ಮನುಷ್ಯನಿಗಿಂತ ಬೇಗ ಆ ವಿಷಕ್ಕೆ ತುತ್ತಾಗುವ ಪುಟ್ಟ ಪ್ರಾಣಿಗಳನ್ನು ಜೊತೆಗೆ ಒಯ್ಯಬೇಕೆಂದು ಸಲಹೆ ಕೊಟ್ಟವರೂ ಅವರೇ. ರಕ್ಷಣಾ ತಂಡಗಳ ಕೈಯಲ್ಲಿ ಕ್ಯಾನರಿ ಹಕ್ಕಿಯ ಪಂಜರ ಬಂದದ್ದು ಹಾಗೆ. ಅದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ.

ಆದರೆ ಧೂಳಿನ ವಿಷಯದಲ್ಲಿ ಅದೇ ಹಾಲ್ಡೇನ್ ಬೇರೆ ನಿಲುವು ತಳೆದರು. ಸಿಲಿಕಾ ಇರುವ ಕಲ್ಲಿನ ಧೂಳು ಅಪಾಯಕಾರಿ, ಬರಿಯ ಕಲ್ಲಿದ್ದಲ ಧೂಳಿನಿಂದ ತೊಂದರೆಯಿಲ್ಲ ಎಂದು ಅವರು ನಂಬಿದ್ದರು. 1936ರಲ್ಲಿ ತೀರಿಕೊಳ್ಳುವವರೆಗೂ ಈ ಕ್ಷೇತ್ರದಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ಕಾನೂನೂ ಅದೇ ನಂಬಿಕೆಯ ಮೇಲೆ ನಿಂತಿತು. 1928ರಲ್ಲಿ ಗಣಿಗರಿಗೂ ಸಿಲಿಕಾ ಧೂಳಿನ ರೋಗವಾದ ಸಿಲಿಕೋಸಿಸ್‌ಗೆ ಪರಿಹಾರ ಸಿಗುವಂತಾದಾಗ, ತಾನು ಸಿಲಿಕಾ ಬಂಡೆಯನ್ನು ಕೊರೆದವನು ಎಂದು ಕಾರ್ಮಿಕ ರುಜುವಾತು ಮಾಡಬೇಕಾಗಿತ್ತು. ಜೀವಮಾನವೆಲ್ಲ ಕಲ್ಲಿದ್ದಲನ್ನೇ ಕಡಿದು, ನಲವತ್ತರ ವಯಸ್ಸಿಗೆ ನಾಲ್ಕು ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುತ್ತಿದ್ದವನು ಬರಿಗೈಯಲ್ಲಿ ಮನೆಗೆ ಹೋಗಬೇಕಾಯಿತು.

ಈ ಗಂಟು ಬಿಚ್ಚಲು ಗಣಿಯ ಹೊರಗಿನ ಸಾಕ್ಷಿಯೊಂದು ನೆರವಾಯಿತು. ಕಾರ್ಡಿಫ್ ಬಂದರಿನಲ್ಲಿ ಹಡಗಿನ ಒಡಲಿಗೆ ಸುರಿದ ಕಲ್ಲಿದ್ದಲನ್ನು ಸಲಿಕೆಯಿಂದ ಎಳೆದು ಸಮ ಮಾಡುವ ಕೂಲಿಗಳಿದ್ದರು. ಅವರು ಗಣಿಗೆ ಇಳಿದವರಲ್ಲ, ಬಂಡೆ ಕೊರೆದವರಲ್ಲ. ಉಸಿರಾಡಿದ್ದು ಕಲ್ಲಿದ್ದಲ ಧೂಳನ್ನು ಮಾತ್ರ. ಕಾರ್ಡಿಫ್‌ನ ರೋಗಶಾಸ್ತ್ರಜ್ಞ ಜೆಥ್ರೋ ಗಫ್ ಇಂಥವರ ಶ್ವಾಸಕೋಶಗಳನ್ನು ಪರೀಕ್ಷಿಸಿ, ಗಣಿಗರ ಎದೆಯಲ್ಲಿ ಕಾಣುವ ಹಾನಿಯೇ ಇಲ್ಲೂ ಇದೆ ಎಂದು 1940ರಲ್ಲಿ ಪ್ರಕಟಿಸಿದರು. ಕಲ್ಲಿದ್ದಲ ಧೂಳೂ ಕೊಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿರಲಿಲ್ಲ. ಇತ್ತ ಗಣಿಗರ ಒಕ್ಕೂಟದ ಒತ್ತಾಯ ಜೋರಾಗಿ, ವೈದ್ಯಕೀಯ ಸಂಶೋಧನಾ ಮಂಡಳಿ 1937ರಿಂದ ಕಣಿವೆಗಳಲ್ಲಿ ಸಮೀಕ್ಷೆ ನಡೆಸಿತ್ತು. ಫಿಲಿಪ್ ಡಾರ್ಸಿ ಹಾರ್ಟ್ ಮತ್ತು ಎಡ್ವರ್ಡ್ ಆಸ್ಲೆಟ್ ಗಣಿಗರ ಎದೆಯ ಎಕ್ಸ್-ರೇ ತೆಗೆದರು, ಕೆಲಸದ ಚರಿತ್ರೆ ಬರೆದುಕೊಂಡರು. ಸುರಂಗದಲ್ಲಿ ಧೂಳನ್ನು ಅಳೆಯುವ ಕೆಲಸವೂ ನಡೆಯಿತು. ಫಲವಾಗಿ 1943ರಲ್ಲಿ ಈ ಧೂಳಿನ ಕಾಯಿಲೆ ‘ಕಲ್ಲಿದ್ದಲ ಕಾರ್ಮಿಕರ ನ್ಯೂಮೋಕೊನಿಯೋಸಿಸ್’ ಎಂಬ ಹೆಸರಿನಲ್ಲಿ ಪರಿಹಾರಕ್ಕೆ ಅರ್ಹವಾದ ರೋಗವೆಂದು ಒಪ್ಪಿತವಾಯಿತು. ಯಾವ ಬಂಡೆಯನ್ನು ಕೊರೆದೆ ಎಂದು ಇನ್ನು ಯಾರೂ ಕೇಳುವಂತಿರಲಿಲ್ಲ.

ಗೆಲುವಿನ ಜೊತೆಗೇ ಹೊಸ ಸಂಕಟವೂ ಬಂತು. ರೋಗವಿದೆ ಎಂದು ಸರ್ಟಿಫಿಕೇಟ್ ಸಿಕ್ಕವನು ಗಣಿ ಬಿಡಲೇಬೇಕೆಂಬ ನಿಯಮವಿತ್ತು. 1945ರ ಒಂದೇ ವರ್ಷದಲ್ಲಿ ದಕ್ಷಿಣ ವೇಲ್ಸ್‌ನಲ್ಲಿ 5,000ಕ್ಕೂ ಹೆಚ್ಚು ಮಂದಿಗೆ ರೋಗ ಖಚಿತವಾಯಿತು. 1931ರಿಂದ 1948ರವರೆಗಿನ ಅವಧಿಯಲ್ಲಿ ಇಡೀ ಬ್ರಿಟನ್ನಿನಲ್ಲಿ ಧೂಳಿನ ಕಾಯಿಲೆಯಿಂದ ಗಣಿ ಬಿಟ್ಟವರು 20,000ಕ್ಕೂ ಮೀರಿದ್ದರು. ಗಣಿಯೊಂದೇ ಕಸುಬಾಗಿದ್ದ ಊರಿನಲ್ಲಿ ಅಂಥವನಿಗೆ ಬೇರೆ ಯಾವ ಕೆಲಸ ಸಿಗಬೇಕು? ಎಕ್ಸ್-ರೇ ತೆಗೆಸಿಕೊಂಡರೆ ಅನ್ನ ಹೋಗುತ್ತದೆ ಎಂಬ ಅಂಜಿಕೆಯಲ್ಲಿ ಎಷ್ಟೋ ಮಂದಿ ಕೆಮ್ಮನ್ನು ಅದುಮಿಕೊಂಡು ಪಾಳಿಗೆ ಹೋದರು. ಪರಿಹಾರದ ಕಾನೂನು ಉದ್ಯೋಗದ ಭರವಸೆಯಿಲ್ಲದೆ ಬಂದರೆ ಅದು ಅರ್ಧ ನ್ಯಾಯ ಮಾತ್ರ ಎಂಬುದನ್ನು ಕಣಿವೆಗಳು ಕಷ್ಟಪಟ್ಟು ಕಲಿತವು. 1948ರ ನಂತರ ಧೂಳು ಕಡಿಮೆಯಿರುವ ಜಾಗಗಳಲ್ಲಿ ಅಂಥವರಿಗೆ ಕೆಲಸ ಮಾಡಲು ಅವಕಾಶ ಸಿಕ್ಕಿತು.

ಗಂಡಸರ ಎದೆಯ ಕಥೆ ಹೇಳುತ್ತಾ ಹೆಂಗಸರ ಬೆನ್ನನ್ನು ಮರೆಯುವುದು ಈ ಚರಿತ್ರೆಗೆ ಮಾಡುವ ಅನ್ಯಾಯ. ಗಣಿಯಿಂದ ಬಂದವನ ಮೈಯೆಲ್ಲ ಮಸಿ, ಬಟ್ಟೆಯೆಲ್ಲ ಒದ್ದೆ. ಅಡುಗೆಮನೆಯ ಒಲೆಯ ಮುಂದೆ ತೊಟ್ಟಿಯಿಟ್ಟು ಸ್ನಾನ. ಒಂದೇ ಮನೆಯಲ್ಲಿ ಗಂಡ, ಇಬ್ಬರು ಮಕ್ಕಳು, ಬಾಡಿಗೆಯವನೊಬ್ಬ ಬೇರೆ ಬೇರೆ ಪಾಳಿಗಳಲ್ಲಿ ದುಡಿದರೆ ಆ ಮನೆಯ ಒಲೆ ಆರುವಂತಿಲ್ಲ. ಕುದಿಯುವ ನೀರಿನ ಹಂಡೆಗಳನ್ನು ಎತ್ತಿ ಇಳಿಸುತ್ತಿದ್ದದ್ದು ಹೆಂಗಸರು, ಬಸುರಿಯರೂ ಸೇರಿ. ಕಾದ ನೀರು ಮೈಮೇಲೆ ಬಿದ್ದು ಮಕ್ಕಳು ಸಾಯುತ್ತಿದ್ದರು. ರೊಂಡಾದ ಎಲಿಜಬೆತ್ ಆ್ಯಂಡ್ರೂಸ್ ಇದನ್ನು 1919ರಲ್ಲಿ ಲಂಡನ್ನಿನಲ್ಲಿ, ಕಲ್ಲಿದ್ದಲು ಉದ್ಯಮದ ವಿಚಾರಣೆಗೆಂದು ನೇಮಕವಾದ ಸ್ಯಾಂಕಿ ಆಯೋಗದ ಮುಂದೆ ಬಿಡಿಸಿ ಹೇಳಿದರು. ಗಣಿಗನ ಮನೆಯಲ್ಲಿ ಹುಟ್ಟಿದ ಆಕೆ, ದಿನ ತುಂಬುವ ಮೊದಲೇ ಆಗುವ ಹೆರಿಗೆಗಳಿಗೂ ಹೆಂಗಸರ ಬೇನೆಗಳಿಗೂ ಈ ಭಾರ ಎತ್ತುವುದೇ ಮುಖ್ಯ ಕಾರಣವೆಂಬ ಅನುಭವಿ ಸೂಲಗಿತ್ತಿಯೊಬ್ಬರ ಮಾತನ್ನು ಆಯೋಗದ ಮುಂದಿಟ್ಟರು. ಅವರು ಕೇಳಿದ್ದು ಬಹಳ ಸರಳವಾದದ್ದು: ಗಣಿಯ ಬಾಯಲ್ಲೇ ಸ್ನಾನಗೃಹ. ಟ್ರೆಹ್ಯಾರಿಸ್‌ನ ಡೀಪ್ ನ್ಯಾವಿಗೇಷನ್ ಗಣಿಯಲ್ಲಿ 1916ರಲ್ಲೇ ಅಂಥದ್ದೊಂದು ತೆರೆದಿತ್ತು. 1920ರಲ್ಲಿ ತೆಗೆದ ಪ್ರತಿ ಟನ್ ಕಲ್ಲಿದ್ದಲಿಗೆ ಒಂದು ಪೆನ್ನಿಯಂತೆ ಮಾಲೀಕರಿಂದ ವಸೂಲಿ ಮಾಡುವ ಕ್ಷೇಮನಿಧಿ ಬಂತು. 1926ರಲ್ಲಿ ಸ್ನಾನಗೃಹಗಳಿಗೆಂದೇ ಹೆಚ್ಚಿನ ಹಣ ಗೊತ್ತಾಯಿತು. ಮುಂದಿನ ಎರಡು ದಶಕಗಳಲ್ಲಿ ಒಂದೊಂದೇ ಗಣಿಯ ಪಕ್ಕ ಬಿಸಿನೀರಿನ ಕಟ್ಟಡಗಳು ಎದ್ದವು. ಒಂದು ಔಷಧಿಯೂ ಇಲ್ಲದೆ ಸಾವಿರಾರು ತಾಯಂದಿರ ಆರೋಗ್ಯ ಸುಧಾರಿಸಿದ ಕೆಲಸ ಅದು.

1945ರಲ್ಲಿ ಲೇಬರ್ ಪಕ್ಷ ಗೆದ್ದಾಗ ಆರೋಗ್ಯ ಮಂತ್ರಿಯಾದವರು ಟ್ರೆಡೆಗರ್‌ನ ಬೆವನ್. ಊರಿನ ಸಂಘ ಮಾಡಿ ತೋರಿಸಿದ್ದನ್ನು ದೇಶಕ್ಕೆಲ್ಲ ವಿಸ್ತರಿಸುವುದು ತಮ್ಮ ಕೆಲಸವೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಅಂದು ಕಣಿವೆಗಳಲ್ಲಿ ಕಾರ್ಮಿಕ ಸಮಿತಿಗಳನ್ನು ವಿರೋಧಿಸಿದ್ದ ವೈದ್ಯರ ಸಂಘವೇ ಈಗ ಮಂತ್ರಿಯ ಎದುರು ನಿಂತಿತು. 1948ರ ಫೆಬ್ರವರಿಯಲ್ಲಿ ಅದು ನಡೆಸಿದ ಮತದಾನದಲ್ಲಿ ಮತ ಹಾಕಿದ ಹತ್ತು ಡಾಕ್ಟರಲ್ಲಿ ಒಂಬತ್ತು ಮಂದಿ ಯೋಜನೆಯನ್ನು ತಿರಸ್ಕರಿಸಿದರು. ಬೆವನ್ ಕೆಲವು ರಿಯಾಯಿತಿ ಕೊಟ್ಟರು, ಮೂಲತತ್ವವನ್ನು ಬಿಡಲಿಲ್ಲ. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅಂದಿನಿಂದ ಬ್ರಿಟನ್ನಿನಲ್ಲಿ ಯಾವ ಬಡವನೂ ಡಾಕ್ಟರ ಬಾಗಿಲಲ್ಲಿ ಜೇಬು ತಡವಬೇಕಾಗಲಿಲ್ಲ.

ಇಲ್ಲೊಂದು ನಷ್ಟವನ್ನೂ ಬರೆಯಲೇಬೇಕು. ಆಸ್ಪತ್ರೆಗಳು ಸರ್ಕಾರದ ಮಂಡಳಿಗಳ ಕೈಗೆ ಹೋದವು, ಡಾಕ್ಟರ ಹಣ ರಾಜ್ಯದ ಬೊಕ್ಕಸದಿಂದ ಬಂತು. ಗಣಿಗರ ಸಮಿತಿಗಳಿಗೆ ಇನ್ನು ಆ ಅಧಿಕಾರ ಉಳಿಯಲಿಲ್ಲ. ಚಿಕಿತ್ಸೆ ಎಲ್ಲರಿಗೂ ಸಿಕ್ಕಿತು. ಚಿಕಿತ್ಸೆಯ ಲೆಕ್ಕ ಕೇಳುವ ಹಕ್ಕು ಊರಿನಿಂದ ದೂರ ಸರಿಯಿತು. ಟ್ರೆಡೆಗರ್‌ನ ಮಾದರಿ ಗೆದ್ದಿತು, ಆದರೆ ಅದರ ಅರ್ಧ ಮಾತ್ರ.

ಉಳಿದರ್ಧ ಬೇರೆ ರೂಪದಲ್ಲಿ ಮರಳಿದ್ದನ್ನು ಸಂಶೋಧನೆಯಲ್ಲಿ ಕಾಣಬಹುದು. 1945ರಲ್ಲಿ ಕಾರ್ಡಿಫ್ ಬಳಿಯ ಲ್ಯಾಂಡಾಕ್ ಆಸ್ಪತ್ರೆಯಲ್ಲಿ ನ್ಯೂಮೋಕೊನಿಯೋಸಿಸ್ ಸಂಶೋಧನಾ ಘಟಕ ಆರಂಭವಾಯಿತು. ಚಾರ್ಲ್ಸ್ ಫ್ಲೆಚರ್ ಅದರ ಮುಖ್ಯಸ್ಥರು. 1948ರಲ್ಲಿ ಅಲ್ಲಿಗೆ ಬಂದ ಆರ್ಚಿ ಕೊಕ್ರೇನ್ ಯುದ್ಧಕೈದಿಗಳ ಶಿಬಿರದಲ್ಲಿ ವೈದ್ಯರಾಗಿದ್ದು, ಪುರಾವೆಯಿಲ್ಲದ ಚಿಕಿತ್ಸೆ ಎಷ್ಟು ನಿಷ್ಪ್ರಯೋಜಕ ಎಂಬುದನ್ನು ನೋಡಿದ್ದವರು. ಕ್ಷಯದ ಸೋಂಕೇ ಧೂಳಿನ ರೋಗವನ್ನು ಉಲ್ಬಣಗೊಳಿಸುತ್ತದೆಯೇ ಎಂದು ತಿಳಿಯಲು 1950ರಲ್ಲಿ ಅವರು ರೊಂಡಾ ಫಾಕ್ ಕಣಿವೆಯ ಎಲ್ಲರ ಎಕ್ಸ್-ರೇ ತೆಗೆಸಲು ಹೊರಟರು. ಪಕ್ಕದ ಅಬೆರ್ಡೇರ್ ಕಣಿವೆಯನ್ನು ಹೋಲಿಕೆಗೆಂದು ಇಟ್ಟುಕೊಂಡರು. ಇಡೀ ಕಣಿವೆಯ ಜನರನ್ನು ಯಂತ್ರದ ಮುಂದೆ ನಿಲ್ಲಿಸುವುದು ಹೇಗೆ? ಧೂಳಿನ ಕಾಯಿಲೆಯಿಂದ ಕೆಲಸ ಬಿಟ್ಟಿದ್ದ ಗಣಿಗರನ್ನೇ ಕೊಕ್ರೇನ್ ನೇಮಿಸಿಕೊಂಡರು. ತಮ್ಮವರೇ ಮನೆ ಬಾಗಿಲಿಗೆ ಬಂದು ಕರೆದಾಗ ಜನ ಹೊರಟರು. ಗಣಿಗರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ಎಕ್ಸ್-ರೇ ಆಯಿತು. ಕ್ಷಯವನ್ನು ಹತೋಟಿಗೆ ತಂದರೆ ಧೂಳಿನ ರೋಗ ತಗ್ಗುತ್ತದೆ ಎಂಬ ಊಹೆಗೆ ಅಲ್ಲಿ ಆಧಾರ ಸಿಗಲಿಲ್ಲ. ಧೂಳನ್ನೇ ತಗ್ಗಿಸಬೇಕಿತ್ತು. ಆ ಕಣಿವೆಗಳಲ್ಲಿ ಬಲಿತ ಎಣಿಕೆಯ ಶಿಸ್ತೇ ಮುಂದೆ ಕೊಕ್ರೇನ್ ಅವರ 1972ರ ಪುಸ್ತಕವಾಗಿ, ಅವರ ಹೆಸರಿನ ಜಾಗತಿಕ ಸಂಸ್ಥೆಯಾಗಿ, ಪ್ರತಿ ಚಿಕಿತ್ಸೆಗೂ ಪುರಾವೆ ಕೇಳುವ ಇಂದಿನ ವೈದ್ಯಶಾಸ್ತ್ರವಾಗಿ ಬೆಳೆಯಿತು.

ಇದೇ ಕಾರ್ಡಿಫ್‌ನಲ್ಲಿ ನಮ್ಮ ಕೋಲಾರದ ಎಳೆಯೊಂದು ಬಂದು ಸೇರುತ್ತದೆ. ಜಾನ್ ಟೇಲರ್ ಕಂಪನಿ ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಗಳಲ್ಲಿ ವೈದ್ಯರಾಗಿದ್ದ ಆಂತೊನಿ ಕ್ಯಾಪ್ಲನ್ ಅಲ್ಲಿ ಕಲ್ಲಿನ ಧೂಳು ಮಾಡಿದ ಹಾನಿಯನ್ನು ಹತ್ತಿರದಿಂದ ಕಂಡವರು. ಮೈಸೂರು ಸಂಸ್ಥಾನ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದ ಮೇಲಿನ ವರ್ಷಗಳಲ್ಲಿ ಅವರೂ ಸಂಗಡಿಗರೂ ಸಾವಿರಾರು ಕಾರ್ಮಿಕರನ್ನು ಪರೀಕ್ಷಿಸಿದರು. ನೂರರಲ್ಲಿ 40ಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇರುವುದು 1947ರಲ್ಲಿ ಪ್ರಕಟವಾಯಿತು. ಆ ಕಣ್ಣನ್ನೇ ಹೊತ್ತು ಕ್ಯಾಪ್ಲನ್ ಕಾರ್ಡಿಫ್‌ನ ಧೂಳುರೋಗ ಮಂಡಳಿಗೆ ಹೋದರು. ಕೀಲುವಾತದಿಂದ ನರಳುವ ವೇಲ್ಸ್ ಗಣಿಗರ ಎಕ್ಸ್-ರೇಗಳಲ್ಲಿ ವಿಶಿಷ್ಟವಾದ ದುಂಡನೆಯ ಕಲೆಗಳಿರುವುದನ್ನು ಗುರುತಿಸಿ 1953ರಲ್ಲಿ ಬರೆದರು. ಜಗತ್ತಿನ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುವ ‘ಕ್ಯಾಪ್ಲನ್ ಸಿಂಡ್ರೋಮ್’ ಅದು. ಕೋಲಾರದ ಚಾಂಪಿಯನ್ ರೀಫ್ಸ್ ಗಣಿಯ ಆಳದಲ್ಲಿ ಬಂಡೆ ಕೊರೆದವರ ಎದೆಯಿಂದ ಕಲಿತ ಪಾಠ ರೊಂಡಾದವರ ಎದೆಯನ್ನು ಓದಲು ನೆರವಾಯಿತು.

ಕೊಕ್ರೇನ್ ಜೊತೆ ಕೆಲಸ ಮಾಡಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1961ರಲ್ಲಿ ಗ್ಲಿನ್‌ಕೊರಗ್ ಎಂಬ ಗಣಿ ಹಳ್ಳಿಗೆ ಡಾಕ್ಟರಾಗಿ ಹೋಗಿ ದಶಕಗಳ ಕಾಲ ಅಲ್ಲೇ ನೆಲೆಸಿದರು. ಕಾಯಿಲೆಯಾಗಿ ಬಂದವರನ್ನಷ್ಟೇ ನೋಡುತ್ತಾ ಕೂರಲಿಲ್ಲ. ಊರಿನ ವಯಸ್ಕರೆಲ್ಲರ ರಕ್ತದೊತ್ತಡ ಅಳೆದರು, ಬಾರದವರನ್ನು ಹುಡುಕಿಕೊಂಡು ಹೋದರು, ತಮ್ಮ ಕೆಲಸದ ಫಲಿತಾಂಶವನ್ನು ಊರಿನವರ ಮುಂದೆಯೇ ಇಟ್ಟು ಚರ್ಚಿಸಿದರು. ಕಾಲು ಶತಮಾನದ ನಂತರ ಲೆಕ್ಕ ಹಾಕಿದಾಗ ಅಷ್ಟೇ ಬಡತನದ ನೆರೆಯೂರಿಗಿಂತ ಗ್ಲಿನ್‌ಕೊರಗ್‌ನಲ್ಲಿ ಅಕಾಲ ಮರಣ ಗಮನಾರ್ಹವಾಗಿ ಕಡಿಮೆಯಿತ್ತು. 1971ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರು ಬರೆದ ಲೇಖನ ಈ ಇಡೀ ಅನುಭವದ ಸಾರ: ವೈದ್ಯಕೀಯ ಸೇವೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ, ಮಾರುಕಟ್ಟೆಯ ಹಿಡಿತ ಬಿಗಿಯಾದಷ್ಟೂ ಈ ಅನ್ಯಾಯ ಹೆಚ್ಚುತ್ತದೆ. ಬ್ರಿಟಿಷ್ ಡಾಕ್ಟರು ಬರಲೊಪ್ಪದ ಆ ಕಣಿವೆಗಳ ಎಷ್ಟೋ ದವಾಖಾನೆಗಳನ್ನು ಆ ದಶಕಗಳಲ್ಲಿ ನಡೆಸಿದವರು ಭಾರತ ಉಪಖಂಡದಿಂದ ಹೋದ ವೈದ್ಯರು. ಟ್ಯೂಡರ್ ಹಾರ್ಟ್ ಅವರ ಮಾತಿಗೆ ಅದೂ ಒಂದು ಸಾಕ್ಷಿ.

ಗಣಿಗಳು ಒಂದೊಂದಾಗಿ ಮುಚ್ಚುತ್ತಾ ಹೋದರೂ ಧೂಳಿನ ಲೆಕ್ಕ ಮುಗಿಯಲಿಲ್ಲ. ನ್ಯೂಮೋಕೊನಿಯೋಸಿಸ್ ಪೀಡಿತರಿಗೆ 1974ರಲ್ಲಿ ಹೊಸ ಪರಿಹಾರ ಯೋಜನೆ ಬಂತು. ಗಣಿಗರ ಬ್ರಾಂಕೈಟಿಸ್ ಮತ್ತು ಎಂಫಿಸೀಮಾಗಳಿಗೂ ಧೂಳು ಕಾರಣ, ಅದಕ್ಕೆ ಸರ್ಕಾರಿ ಗಣಿ ಸಂಸ್ಥೆಯಾದ ಬ್ರಿಟಿಷ್ ಕೋಲ್ ಹೊಣೆ ಎಂದು ನ್ಯಾಯಾಲಯ ಹೇಳಲು 1998 ಬರಬೇಕಾಯಿತು. ಹಣ ಕೈಸೇರುವ ಮೊದಲೇ ಬಹಳ ಮಂದಿ ತೀರಿಹೋಗಿದ್ದರು.

ಈ ಚರಿತ್ರೆಯಲ್ಲಿ ಒಳ್ಳೆಯ ಡಾಕ್ಟರೂ ದೊಡ್ಡ ವಿಜ್ಞಾನಿಗಳೂ ಇದ್ದಾರೆ. ಆದರೆ ರೋಗಿಗಳು ಒಗ್ಗಟ್ಟಾಗಿ ಕೇಳದೆ ಇಲ್ಲಿ ಯಾವುದೂ ತಾನಾಗಿ ನಡೆಯಲಿಲ್ಲ. ವಂತಿಗೆ ಕಟ್ಟಿದವರು ಡಾಕ್ಟರನ್ನು ಪಡೆದರು, ಒಕ್ಕೂಟ ಕಟ್ಟಿದವರು ರೋಗಕ್ಕೆ ಹೆಸರು ಪಡೆದರು, ಸಾಕ್ಷಿ ಹೇಳಿದ ಹೆಂಗಸರು ಬಿಸಿನೀರು ಪಡೆದರು. ಭಾರತದ ಗಣಿ ಕಾನೂನಿನಲ್ಲಿ ಸಿಲಿಕೋಸಿಸ್ ಬಹಳ ಹಿಂದಿನಿಂದಲೂ ವರದಿ ಮಾಡಲೇಬೇಕಾದ ರೋಗ. ಆದರೂ ಗುತ್ತಿಗೆದಾರನ ಕೈಕೆಳಗೆ ಕಲ್ಲುಕ್ವಾರಿಯಲ್ಲಿ, ಕ್ರಷರಿನಲ್ಲಿ ದುಡಿಯುವವನ ಎದೆ ಕಟ್ಟಿದಾಗ ಅವನಿಗೆ ಸಂಘವಿಲ್ಲ, ಕೆಲಸ ಮಾಡಿದ್ದಕ್ಕೆ ದಾಖಲೆಯೂ ಇಲ್ಲದಿದ್ದರೆ ಆ ಕಾನೂನು ಅವನ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಗಣಿ ಊರಿನಲ್ಲಿ ಆಸ್ಪತ್ರೆ ಇದೆಯೇ ಎಂದು ಕೇಳಿದರಷ್ಟೇ ಸಾಲದು. ಅಲ್ಲಿ ತೆಗೆದ ಎಕ್ಸ್-ರೇ ಯಾರ ಕೈಸೇರುತ್ತದೆ, ಸರ್ಟಿಫಿಕೇಟ್ ಬರೆಯುವ ಡಾಕ್ಟರು ಯಾರ ಸಂಬಳ ತಿನ್ನುತ್ತಾರೆ, ರೋಗವಿದೆ ಎಂದು ಗೊತ್ತಾದವನ ಅನ್ನಕ್ಕೆ ಯಾರು ಹೊಣೆ ಎಂದೂ ಕೇಳಬೇಕು. ಇದನ್ನು ಕೇಳುವ ಹಕ್ಕು ಮೊದಲು ಧೂಳು ಕುಡಿದವರದು, ಉತ್ತರ ಸಿಗುವವರೆಗೆ ಅವರ ಜೊತೆ ನಿಲ್ಲುವ ಕರ್ತವ್ಯ ಉಳಿದವರೆಲ್ಲರದು.